ಬೋಳು ಪಟ್ಟಿಯ ಮೇಲಿನ ಬಣವಿ

ವಾದದಲ್ಲಿ ಗೆಲ್ಲುವುದು ಒಂದು ದುರಭ್ಯಾಸ. ಬೀಡಿ ಸೇದುವವನಿಗೆ ಕೊನೆಯ ಪಕ್ಷ ಮನೆಯವರು ಬೈಯುತ್ತಾರೆ, ಡಾಕ್ಟರು ಹೆದರಿಸುತ್ತಾರೆ. ವಾದ ಗೆಲ್ಲುವವಳಿಗೆ ಮಾತ್ರ ಊರವರೆಲ್ಲ ಸೇರಿ ಹಾರ ಹಾಕಿ, ಬಹುಮಾನದ ಢಾಲು ಕೊಟ್ಟು, ಇನ್ನಷ್ಟು ಗೆಲ್ಲವ್ವ ಎಂದು ಹುರಿದುಂಬಿಸುತ್ತಾರೆ. ನನಗೆ ಈ ಚಟ ಹತ್ತಿದ್ದು ಸಾಲಿಯಲ್ಲಿ. ಚರ್ಚಾ ಸ್ಪರ್ಧೆಯಲ್ಲಿ ಚೀಟಿ ಎತ್ತಿಸುತ್ತಾರೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಬೆಳಿಗ್ಗೆ ಕನ್ನಡ ವಿಭಾಗದಲ್ಲಿ ಮೊಬೈಲು ವರ ಎಂದು ಸಾಧಿಸಿ, ಮಧ್ಯಾಹ್ನ ಮರಾಠಿ ವಿಭಾಗದಲ್ಲಿ ಅದೇ ಮೊಬೈಲು ಶಾಪ ಎಂದು ಸಾಧಿಸಿ, ಎರಡೂ ಢಾಲುಗಳನ್ನು ಬಗಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದವಳು ನಾನು. ಅವ್ವ ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, "ಹಂಗಾರ ಮೊಬೈಲ್ ತಗೊಳೂದೋ ಬ್ಯಾಡೋ?" ಎಂದು ಕೇಳಿದಳು. ಸ್ಪರ್ಧೆಯಲ್ಲಿ ಅಂಥ ಪ್ರಶ್ನೆ ಯಾರೂ ಕೇಳುವುದಿಲ್ಲ.

ಈಗ ನಾನು ಬಿ.ಎ. ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ ಎಂಬ ಗೌರವದ ಹೆಸರಿನಲ್ಲಿ ಮನೆಯಲ್ಲಿದ್ದೇನೆ. ಮನೆ ಹೊಸದು. ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ, ಸಂಖದಿಂದ ಬಹಳ ದೂರವೇನಿಲ್ಲದ ನಮ್ಮ ಊರಿನ ಹೊರಗೆ, ಮರಡಿ ಗುಡ್ಡದ ಬುಡದಲ್ಲಿ ಬಿದ್ದ ಪ್ಲಾಟಿಂಗಿನಲ್ಲಿ, ಕಿರಾಣಿ ಅಂಗಡಿಯ ನನ್ನ ಅಪ್ಪ ಕಟ್ಟಿಸಿದ್ದು. ಪ್ಲಾಟಿಂಗಿಗೆ 'ಹಿರವಳ ನಗರ' ಎಂದು ಹೆಸರು. ಮರಾಠಿಯಲ್ಲಿ ಹಿರವಳ ಎಂದರೆ ಹಸಿರು. ಅಲ್ಲಿ ಹಸಿರಾಗಿದ್ದದ್ದು ಸ್ವಾಗತ ಕಮಾನಿಗೆ ಬಳಿದ ಬಣ್ಣ ಒಂದೇ. ಮರಡಿಯ ಮೇಲೆ ಹುಲ್ಲಿದೆ, ಇಲ್ಲವೆನ್ನುವುದಿಲ್ಲ. ಅದು ದೀಪಾವಳಿಗೆ ಹಳದಿಯಾಗಿ, ಸಂಕ್ರಾಂತಿಗೆ ಕಾಗದವಾಗಿ, ಹೋಳಿಯ ಹೊತ್ತಿಗೆ ಪೆಟ್ರೋಲೇ ಆಗಿಬಿಡುತ್ತದೆ. ಪ್ರತಿ ಬೇಸಿಗೆಯಲ್ಲೂ ಅದಕ್ಕೆ ಬೆಂಕಿ ಬೀಳುತ್ತದೆ. ಯಾರು ಹಚ್ಚಿದರು ಎಂದು ಕುರಿಯವರನ್ನು ಕೇಳಿದರೆ ಬದುವಿನ ಕಸ ಸುಡುವ ರೈತರ ಕಡೆ ಕೈ ತೋರಿಸುತ್ತಾರೆ. ರೈತರನ್ನು ಕೇಳಿದರೆ ಹೊಸ ಚಿಗುರಿನ ಆಸೆಗೆ ಹುಲ್ಲು ಸುಡುವ ಕುರಿಯವರ ಕಡೆ ತೋರಿಸುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ಇಬ್ಬರೂ ಒಂದಾಗಿ, ದಾರಿಯಲ್ಲಿ ಬೀಡಿ ಎಸೆದು ಹೋದ ಟ್ರಕ್ಕಿನವನ ಕಡೆ ತೋರಿಸುತ್ತಾರೆ. ಟ್ರಕ್ಕಿನವನು ಅಷ್ಟರಲ್ಲಿ ಕರ್ನಾಟಕದ ಗಡಿ ದಾಟಿರುತ್ತಾನೆ. ಹೀಗಾಗಿ ನಮ್ಮ ಮರಡಿಗೆ ಬೀಳುವ ಬೆಂಕಿ ಯಾವಾಗಲೂ ಪರರಾಜ್ಯದ್ದು.

ಇಂಥ ಜಾಗದಲ್ಲಿ ಮನೆ ಕಟ್ಟಬಹುದೇ ಎಂದು ಸರಕಾರ ಯೋಚಿಸಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಹುಲ್ಲುಗಾಡಿನ ಮಗ್ಗುಲಿಗೆ ಪ್ಲಾಟು ಹಾಕುವವರು ಕೊನೆಯ ಮನೆಗಳಿಗೂ ಮರಡಿಗೂ ನಡುವೆ ಒಂದು ಬೋಳು ಪಟ್ಟಿ ಬಿಡಬೇಕು. ಅದರ ಮೇಲೆ ಹುಲ್ಲು, ಕಟ್ಟಿಗೆ, ಮೇವು, ಉರಿಯುವಂಥ ಯಾವುದೂ ಇರಕೂಡದು. ಬೆಂಕಿ ಆರಿಸುವ ಗಾಡಿ ಬರುವಷ್ಟು ಅಗಲದ ರಸ್ತೆ ಇರಬೇಕು. ಇದಿಷ್ಟು ನಿಯಮ. ಅರಣ್ಯದವರು ಆ ಪಟ್ಟಿಗೆ ಜಾಳರೇಷಾ ಎನ್ನುತ್ತಾರೆ. ಬೆಂಕಿ ಅಲ್ಲಿಯವರೆಗೆ ಬಂದು, ತಿನ್ನಲು ಏನೂ ಸಿಗದೆ, ಉಪವಾಸ ಸಾಯಬೇಕು. ಇಷ್ಟು ಸರಳವಾದ, ಇಷ್ಟು ಚೆಂದದ ನಿಯಮವನ್ನು ನಾನು ಎಲ್ಲೂ ಓದಿಲ್ಲ. ಏನನ್ನೂ ಮಾಡಬೇಕಿಲ್ಲ. ಸುಮ್ಮನೆ ಖಾಲಿ ಬಿಡಬೇಕು. ನಮ್ಮವರಿಂದ ಆಗದ ಕೆಲಸವೆಂದರೆ ಅದೊಂದೇ.

ಪ್ಲಾಟಿಂಗಿನ ಮಾಲಕರು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರು. ಜೆಸಿಬಿ ತರಿಸಿ ಪಟ್ಟಿಯನ್ನು ಕೆತ್ತಿಸಿದರು, ನೀರು ಹೊಡೆಸಿ ರೋಲರ್ ಹಾಯಿಸಿದರು. ರಸ್ತೆಯನ್ನು ಅಗಲವಾಗಿಯೇ ಮಾಡಿ, ಬಾಯಿಗೆ ಕಮಾನು ಕಟ್ಟಿಸಿದರು. ರಸ್ತೆಯ ಅಗಲದ ಬಗ್ಗೆ ನಿಯಮ ಹೇಳಿತ್ತು. ಕಮಾನಿನ ಎತ್ತರದ ಬಗ್ಗೆ ಅದು ಬಾಯಿ ಬಿಟ್ಟಿರಲಿಲ್ಲ. ಆ ಮಾತು ಆಮೇಲೆ ಬರುತ್ತದೆ.

ಪಟ್ಟಿ ಸಿದ್ಧವಾದಾಗ ಸುಗ್ಗಿ ಬಂದಿತ್ತು. ನಮ್ಮ ಕಡೆ ಸಪಾಟಾದ, ಗಟ್ಟಿಯಾದ, ಒಂದು ಹರಳೂ ಇಲ್ಲದ ನೆಲವನ್ನು ಕಂಡ ಯಾವ ಒಕ್ಕಲ ಕಣ್ಣಿಗೂ ಅದು ಬೆಂಕಿ ತಡೆಯುವ ಪಟ್ಟಿಯಾಗಿ ಕಾಣಲು ಸಾಧ್ಯವೇ ಇಲ್ಲ. ಅದು ಕಣ. ಒಂದು ಕಣ ಮಾಡಬೇಕೆಂದರೆ ನೆಲ ಕೆತ್ತಬೇಕು, ನೀರು ಹೊಡೆಯಬೇಕು, ಎತ್ತು ತುಳಿಸಬೇಕು, ಸಗಣಿ ಸಾರಿಸಬೇಕು. ಈಗ ಯಾರೋ ಪುಣ್ಯಾತ್ಮರು ಅಷ್ಟನ್ನೂ ಪುಕ್ಕಟೆ ಮಾಡಿಟ್ಟಿದ್ದಾರೆ! ಮೊದಲು ಒಬ್ಬರು ತೆನೆ ತಂದು ಹಾಕಿದರು. ರಾಶಿಯಾದ ಮೇಲೆ ಕಣಕಿಯನ್ನು, ಅಂದರೆ ಒಣಗಿದ ಜೋಳದ ದಂಟನ್ನು, ಬೇರೆ ಕಡೆ ಸಾಗಿಸುವುದೇಕೆಂದು ಅಲ್ಲೇ ಬಣವಿ ಒಟ್ಟಿದರು. ಅದನ್ನು ನೋಡಿ ಇನ್ನೊಬ್ಬರು. ಬಣವಿಗಳ ಸಂದಿಯಲ್ಲಿ ಬಿಸಿಲು ಚಲೋ ಬೀಳುತ್ತದೆಂದು ಹೆಂಗಸರು ಸಗಣಿಯ ಕುಳ್ಳು ತಟ್ಟಿ ಒಣಗಲಿಟ್ಟರು. ಕುಳ್ಳಿನ ಪಕ್ಕ ಹತ್ತಿಕಟ್ಟಿಗೆ ಬಂದು ಕುಳಿತಿತು. ಒಂದು ತಿಂಗಳೊಳಗೆ ಊರಿನಲ್ಲಿ ಉರಿಯುವಂಥ ವಸ್ತು ಏನೇನಿತ್ತೋ ಅಷ್ಟೂ, ಉರಿಯುವಂಥದ್ದು ಇರಲೇಬಾರದಾದ ಒಂದೇ ಒಂದು ಜಾಗದಲ್ಲಿ ಸಾಲಾಗಿ ಕೂಡಿತ್ತು. ಇದರ ನಡುವೆ ಯಾವುದೋ ಯೋಜನೆಯಡಿ ಪಾಹುಣ್ಯಾರೊಬ್ಬರನ್ನು, ಅಂದರೆ ದೊಡ್ಡ ಅತಿಥಿಯೊಬ್ಬರನ್ನು, ಕರೆಸಿ, ಖಾಲಿ ಉಳಿದ ಚೂರುಪಾರು ಜಾಗದಲ್ಲಿ ಸಸಿ ನೆಡಿಸಿ ಫೋಟೋ ತೆಗೆಸಿದರು. ಸಸಿಗಳನ್ನು ಮರುದಿನವೇ ಆಡುಗಳು ತಿಂದುಹಾಕಿದವು. ಹಿರವಳ ನಗರದಲ್ಲಿ ನಿಯಮವನ್ನು ಪಾಲಿಸಿದ ನಾಗರಿಕರೆಂದರೆ ಅವೇ.

ನಮ್ಮ ಪಾಲಿಗೆ ಬಂದ ಬಣವಿ ಸುಗಲಕ್ಕನದು. ಸುಗಲಕ್ಕನ ತವರು ಬಿಳೂರ, ಮನೆ ಹಳೆಯ ಊರಿನಲ್ಲಿ, ಎಮ್ಮೆ ನಾಕು, ಮಾತು ಲೆಕ್ಕವಿಲ್ಲದಷ್ಟು. ಅವಳ ಬಣವಿ ನಮ್ಮ ಅಡುಗೆಮನೆಯ ಹಿಂದಿನ ಗೋಡೆಗೆ ಆತುಕೊಂಡಂತೆ, ಚಾವಣಿಗಿಂತ ಎತ್ತರವಾಗಿ ನಿಂತಿತ್ತು. ಒಳಗೆ ಅವ್ವ ಒಗ್ಗರಣೆ ಹಾಕಿದರೆ ಕಿಟಕಿಯಿಂದ ಹೋದ ಸಾಸಿವೆ ಅದಕ್ಕೆ ತಾಗುತ್ತಿತ್ತು. ಅವ್ವ ದಿನವೂ ಮರಡಿಯ ಕಡೆ ನೋಡಿ, ಬಣವಿಯ ಕಡೆ ನೋಡಿ, ನನ್ನ ಕಡೆ ನೋಡುತ್ತಿದ್ದಳು. "ಇಷ್ಟ ಢಾಲ್ ತಂದೀದಿ. ಒಂದ ಬಣವಿ ತಗಸಾಕ ಆಗೂದಿಲ್ಲೇನ?" ಎನ್ನುವಳು. ನಾನು ಹೋದೆ.

"ಅಕ್ಕಾ, ಮರಡಿಗೆ ಬೆಂಕಿ ಬಿದ್ರ ಸೀದಾ ನಿಮ್ಮ ಬಣವಿಗೆ ಬರತೈತ್ರಿ. ಅಲ್ಲಿಂದ ನಮ್ಮ ಮನಿಗೆ" ಎಂದೆ.

"ಬಣವಿ ಸುಟ್ರ ನನಗ ನಿನಕಿಂತ ಹೆಚ್ಚ ಹೊಟ್ಟಿ ಉರೀತೈತಿ, ದಾನವ್ವಾ. ನನ್ನ ಎಮ್ಮಿ ವರ್ಷಾನಗಟ್ಲೆ ಏನ್ ತಿಂತಾವ? ನಿನ್ನ ಪುಸ್ತಕಾನ?"

"ಅದಕ್ಕ ಹೇಳಾಕತ್ತೀನ್ರಿ. ನಿಮ್ಮ ಹಿತ್ತಲದಾಗ ಒಟ್ರಿ."

"ಹಿತ್ತಲದಾಗ ಗೆದ್ದಲ ಐತಿ. ಇಲ್ಲಿ ನೆಲಾ ನೋಡು, ಕನ್ನಡಿ ಆಗೇತಿ. ಬೆಂಕಿ ಬಂದಾಗ ನೋಡೂಣು. ಗೆದ್ದಲ ದಿನಾ ಬರತೈತಿ."

ನಾನು ಇನ್ನೊಂದು ಮಾತು ತೆಗೆಯುವಷ್ಟರಲ್ಲಿ ಅವಳು ಒಂದು ಬಟ್ಟಲು ಮಜ್ಜಿಗೆ ಕೊಟ್ಟಿದ್ದಳು. ಎದುರಾಳಿಗೆ ಮಜ್ಜಿಗೆ ಕೊಡುವ ಪದ್ಧತಿ ಚರ್ಚಾ ಸ್ಪರ್ಧೆಗಳಲ್ಲಿ ಇಲ್ಲದಿರುವುದು ಎಷ್ಟು ಒಳ್ಳೆಯದೆಂದು ಅವತ್ತು ತಿಳಿಯಿತು.

ನಾನು ದೊಡ್ಡವರ ಬಳಿ ಹೋದೆ. ಪಂಚಾಯತಿಯವರು, ಪಟ್ಟಿ ಇನ್ನೂ ಮಾಲಕರದು ಎಂದರು. ಮಾಲಕರು, ಅದನ್ನು ಯಾವತ್ತೋ ಪಂಚಾಯತಿಗೆ ಒಪ್ಪಿಸಿಯಾಯಿತು ಎಂದರು. ಅರಣ್ಯದ ಕಾವಲುಗಾರರು ತಮ್ಮ ಗಡಿಕಲ್ಲು ಎಲ್ಲಿದೆ ಎಂದು ತೋರಿಸಿ, ಹೊತ್ತಿಕೊಂಡ ಹುಲ್ಲು ಕಲ್ಲಿನ ಆಚೆ ಇದ್ದರೆ ಹೇಳಿ, ಈಚೆ ಇದ್ದರೆ ಹೇಳಬೇಡಿ ಎಂದರು. ಬೆಂಕಿಗೆ ಕಲ್ಲು ಓದಲು ಬರುತ್ತದೆಯೇ ಎಂದು ಕೇಳಿದೆ. ಅವರು ನನ್ನ ಅಪ್ಪನ ಹೆಸರು ಕೇಳಿದರು. ನಮ್ಮಲ್ಲಿ ಹೆಣ್ಣುಮಗಳ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಾಗ ಅಪ್ಪನ ಹೆಸರು ಕೇಳುವುದು ಆಡಳಿತದ ಒಂದು ಕ್ರಮ.

ಕೊನೆಗೆ ಉಳಿದದ್ದು ಒಂದೇ ಆಸೆ: ಪಾಹಣಿ, ಅಂದರೆ ಸ್ಥಳ ತಪಾಸಣೆ. ತಾಲೂಕಿನ ಸಾಹೇಬರು ಬಂದು ಪಟ್ಟಿಯನ್ನು ಕಣ್ಣಾರೆ ನೋಡಿ, ಎಲ್ಲ ನಿಯಮದಂತಿದೆ ಎಂದು ಬರೆದರೆ ಮಾತ್ರ ನಮ್ಮ ಮನೆಗಳಿಗೆ ಭೋಗವಟಾ, ಅಂದರೆ ಇಲ್ಲಿ ವಾಸಿಸಬಹುದು ಎಂಬ, ಪ್ರಮಾಣಪತ್ರ. ಅದು ಸಿಕ್ಕರೆ ಮಾತ್ರ ಕರೆಂಟಿನ ಕಾಯಂ ಮೀಟರು. ಸಾಹೇಬರು ಬಣವಿಗಳನ್ನು ನೋಡಿ ಕೆಂಡವಾಗುತ್ತಾರೆ, ತೆಗೆಸುತ್ತಾರೆ ಎಂದು ನಾನು ಅವ್ವನಿಗೆ ಭರವಸೆ ಕೊಟ್ಟೆ. ಆದರೆ ಪಾಹಣಿಯ ಮುಂಚಿನ ದಿನ ಹಿರವಳ ನಗರದ ಗಂಡಸರೆಲ್ಲ ನಮ್ಮ ಅಂಗಳಕ್ಕೆ ಬಂದರು. ಸಾಹೇಬರು ಕೆಂಡವಾದರೆ ಯಾರಿಗೂ ಪ್ರಮಾಣಪತ್ರವಿಲ್ಲ, ಇಡೀ ಬೇಸಿಗೆ ಫ್ಯಾನಿಲ್ಲ. ಬಣವಿ ತೆಗೆಯಿರಿ ಎಂದರೆ ಬಣವಿಯವರು ಕೇಳುವುದಿಲ್ಲ. ಅವರೆಲ್ಲ ನಮ್ಮ ಬೀಗರೇ. "ನಮ್ಮ ಕಡಿಂದ ಮಾತಾಡಾಕ ದಾನವ್ವನ ಬೇಕು" ಎಂದರು. ಅಪ್ಪನ ಎದೆ ಉಬ್ಬಿತು. ನಾನು ಬಿಗಿದುಕೊಂಡು, "ಆದರ ನಾನು ಬಣವಿಯ ವಿರೋಧ ಇದ್ದೀನಲ್ಲ" ಎಂದೆ. "ಚೀಟಿ ಈ ಸಲ ಹಿಂಗ ಬಂದೈತಿ ಅಂತ ತಿಳಕೊಳವಾ" ಎಂದರು ಅಪ್ಪ. ಅವ್ವ ಒಳಗಿನಿಂದ ಪಾತ್ರೆ ಕುಕ್ಕಿದಳು. ನನಗೆ ಕೇಳಿಸಿತು, ಆದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ಮೊದಲನೆಯ ಮುದ್ದೆ, ಎರಡನೆಯ ಮುದ್ದೆ ಎಂದು ಸಾಲುಗಟ್ಟಲು ಶುರುವಾಗಿತ್ತು. ಮುದ್ದೆ ಎಂದರೆ ಊಟದ್ದಲ್ಲ. ಮರಾಠಿಯಲ್ಲಿ ವಾದದ ಅಂಶಕ್ಕೆ ಹಾಗೆನ್ನುತ್ತಾರೆ. ಚಟ ಎಂದರೆ ಇದೇ.

ಸಾಹೇಬರು ಸರಿಯಾಗಿ ಮಟಮಟ ಮಧ್ಯಾಹ್ನ ಬಂದರು. ಫೈಲು ಬಗಲಲ್ಲಿ, ಕರಿ ಬೂಟು ಕಾಲಲ್ಲಿ. ಪಟ್ಟಿಯ ಅಂಚಿಗೆ ಬಂದು ಕಾಲಿಡಬೇಕು, ಸುಗಲಕ್ಕ ಅಡ್ಡ ನಿಂತಳು.

"ಸಾಹೇಬ್ರ, ಬೂಟ್ ಬಿಡ್ರಿ. ಕಣಾ ಐತ್ರಿ."

ಸಾಹೇಬರಿಗೆ ಕನ್ನಡ ಅಷ್ಟಕ್ಕಷ್ಟೆ. ಯಾರೋ ಮರಾಠಿಯಲ್ಲಿ ಬಿಡಿಸಿ ಹೇಳಿದರು: ಇಲ್ಲಿ ಅನ್ನ ಬೀಳುವ ಜಾಗ, ಚಪ್ಪಲಿ ಹಾಕಿ ತುಳಿಯುವುದಿಲ್ಲ. ಸಾಹೇಬರೂ ಒಕ್ಕಲ ಮನೆಯವರೇ ಇರಬೇಕು. ಬೂಟು ಬಿಟ್ಟರು, ಕಾಲುಚೀಲ ಬಿಟ್ಟರು. ಬೆಂಕಿ ತಡೆಯುವ ಪಟ್ಟಿಯನ್ನು ಪರೀಕ್ಷಿಸಲು ಬಂದವರು ಅದನ್ನು ಕಣವೆಂದು ಒಪ್ಪಿ ಬರಿಗಾಲಲ್ಲಿ ನಿಂತ ಆ ಕ್ಷಣದಲ್ಲೇ ಪ್ರಕರಣ ಮುಗಿದಿತ್ತು. ಅದು ನನಗೆ ಆಗ ಹೊಳೆಯಲಿಲ್ಲ. ನಾನು ಭಾಷಣ ಆರಂಭಿಸಿದೆ.

ಉರಿಯುವ ವಸ್ತು ಪಟ್ಟಿಯ ಮೇಲೆ ಇರಕೂಡದು ಎಂದು ನಿಯಮ ಹೇಳುತ್ತದೆ, ಒಪ್ಪಿದೆ ಎಂದೆ. ಆದರೆ ಸಾಹೇಬರು ಗಮನಿಸಬೇಕು: ಇದು ಮೇವು. ಇದನ್ನು ದಿನವೂ ಬೆಳಿಗ್ಗೆ ಸಂಜೆ ಎಮ್ಮೆಗಳು ತಿನ್ನುತ್ತಿವೆ. ಇವತ್ತು ಇರುವಷ್ಟು ನಾಳೆ ಇರುವುದಿಲ್ಲ. ಅಂದಮೇಲೆ ಇದು ಸಂಗ್ರಹವೋ, ತೆರವೋ? ಊರ ಜನ ಒಂದು ಪೈಸೆ ಸರಕಾರಿ ಖರ್ಚಿಲ್ಲದೆ, ಯಂತ್ರವಿಲ್ಲದೆ, ಹೊಗೆಯಿಲ್ಲದೆ ಪಟ್ಟಿಯನ್ನು ಖಾಲಿ ಮಾಡಿಸುತ್ತಿದ್ದಾರೆ. ಸಾಹೇಬರು ಎಡಗಾಲು ಎತ್ತಿ ಬಲಗಾಲಿನ ಮೇಲಿಟ್ಟರು. ಎರಡನೆಯದಾಗಿ, ಎಂದೆ. ಸಾಹೇಬರು ಬಲಗಾಲು ಎತ್ತಿದರು. ನನ್ನ ಮಾತು ಅವರ ನೆಲೆಯನ್ನೇ ಅಲುಗಿಸುತ್ತಿದೆ ಎಂದು ನನಗೆ ಹುರುಪೇರಿತು. ಮೂರನೆಯ ಮುದ್ದೆಗೆ ಬರುವ ಮೊದಲೇ ಅವರು ಪೆನ್ನು ತೆಗೆದು, ಬಾಯಿಂದ ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದರು: ಪಟ್ಟಿಯ ತೆರವು ಕಾರ್ಯ ಪ್ರಗತಿಯಲ್ಲಿದೆ, ಹರಕತ್ತಿಲ್ಲ. ಬರೆದವರೇ ಕುಣಿಕುಣಿದು ನೆರಳಿಗೆ ಓಡಿದರು. ಜನ ಚಪ್ಪಾಳೆ ತಟ್ಟಿದರು. ಅಪ್ಪ ಪೇಢೆ ತರಿಸಿದರು.

ಅವ್ವ ಪೇಢೆ ಮುಟ್ಟಲಿಲ್ಲ. "ನಿನ್ನ ಭಾಷಣಕ್ಕ ಬರದಾನಂತ ಮಾಡೀದೇನ? ಅಂವನ ಅಂಗಾಲ ಬೊಬ್ಬಿ ಎದ್ದಿದ್ವು" ಎಂದಳು. ಆಮೇಲೆ ಬಣವಿಯ ಕಡೆ ನೋಡಿದಳು. ಅವತ್ತಿನವರೆಗೆ ಅದು ನಿಯಮ ಮೀರಿ ನಿಂತಿತ್ತು. ಈಗ ಸರಕಾರದ ಒಪ್ಪಿಗೆಯಿಂದ ನಿಂತಿತ್ತು.

ಮೀಟರು ಬಂತು. ಫ್ಯಾನು ತಿರುಗಿತು. ನಾನು ಮತ್ತೆ ಸುಗಲಕ್ಕನ ಬಳಿ ಹೋದೆ. ಪಾಹಣಿ ಮುಗಿಯಿತಲ್ಲ, ಇನ್ನಾದರೂ ಬಣವಿ ತೆಗೆಯಿರಿ ಎಂದೆ.

"ತಗೀಲಿಕ್ಕತ್ತಾವಲ್ಲವಾ" ಎಂದಳು.

"ಯಾರ್ರಿ?"

"ಎಮ್ಮಿ. ನೀನ ಸಾಹೇಬ್ರ ಮುಂದ ಅಷ್ಟ ಚೆಂದ ಹೇಳಿದಿ. ನನಗ ಕಣ್ಣಾಗ ನೀರ ಬಂದ್ವು. ನನ್ನ ಎಮ್ಮಿ ಸರಕಾರಿ ಕೆಲಸಾ ಮಾಡಾಕತ್ತಾವ ಅಂತ ನನಗ ಗೊತ್ತ ಇರಲಿಲ್ಲ. ಈಗ ಗಡಿಬಿಡಿ ಮಾಡಬ್ಯಾಡ, ಅಜೀರ್ಣ ಆದೀತು."

ನನ್ನದೇ ಮುದ್ದೆ, ನನ್ನದೇ ಏರಿಳಿತ, ನಾನು ಕೈ ಎತ್ತಿದ ಜಾಗದಲ್ಲಿ ಅವಳೂ ಕೈ ಎತ್ತಿದಳು. ತೀರ್ಪುಗಾರರಿದ್ದರೆ ಢಾಲು ಅವಳಿಗೇ ಹೋಗುತ್ತಿತ್ತು. ಮಜ್ಜಿಗೆ ಕುಡಿದು ಬಂದೆ.

ಬೆಂಕಿ ಬಿದ್ದದ್ದು ಅದಾದ ಕೆಲವೇ ದಿನಕ್ಕೆ, ಊಟದ ಹೊತ್ತು ಮುಗಿದ ಮೇಲೆ. ಮೊದಲು ಮರಡಿಯ ನೆತ್ತಿಯಲ್ಲಿ ಬಿಳಿ ಹೊಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಜಾರಿನ ಉದ್ದಕ್ಕೂ ಚಟಚಟ ಸದ್ದು. ಗಾಳಿ ನಮ್ಮ ಕಡೆಗೇ ಇತ್ತು. ಗಂಡಸರು ಬೇವಿನ ಟೊಂಗೆ ಮುರಿದುಕೊಂಡು ಮೇಲಕ್ಕೆ ಓಡಿದರು. ಅವ್ವ ಮೊದಲು ಗ್ಯಾಸ್ ಸಿಲಿಂಡರನ್ನು ಹೊರಗೆಳೆದಳು, ಆಮೇಲೆ ಅಜ್ಜಿಯ ಫೋಟೋ. ನಾನು ಅಂಗೈಯಲ್ಲಿ ಮೊಬೈಲು ಹಿಡಿದು, ಬೆಂಕಿ ಗಾಡಿಯವರಿಗೆ ಪರಿಸ್ಥಿತಿಯನ್ನು ಅಂಶವಾರು ವಿವರಿಸುತ್ತಿದ್ದೆ. ಆಗ ಸುಗಲಕ್ಕ ಬಂದಳು. ಹಳೆಯ ಊರಿನಿಂದ ಓಡಿ ಬಂದಿದ್ದಳು, ತಲೆಯ ಮೇಲೆ ಸೆರಗಿರಲಿಲ್ಲ. ಬಣವಿಗೆ ಏಣಿ ಹಚ್ಚಿ ಹತ್ತಿ ಕಣಕಿಯ ಪೆಂಡಿಗಳನ್ನು ಕಿತ್ತು ಕಿತ್ತು ಒಗೆಯತೊಡಗಿದಳು. ಹೊಗೆ ಅವಳವರೆಗೆ ಬಂದಿತ್ತು.

"ಅಕ್ಕಾ, ಇಳೀರಿ! ಸುಟ್ರ ಸುಡಲಿ!"

"ಹಂಗಂದ್ರ ನನ್ನ ಎಮ್ಮಿ ಸಾಯಲಿ ಅಂದಂಗ!"

ಇದೊಂದು ವಾಕ್ಯಕ್ಕೆ ಮಾತ್ರ ನಾನು ಪ್ರತಿವಾದ ಹುಡುಕಲಿಲ್ಲ. ಮೊಬೈಲು ಜಂಪರಿನೊಳಗೆ ತುರುಕಿ ಪೆಂಡಿ ಎತ್ತಿದೆ. ಅವ್ವ ಎತ್ತಿದಳು. ಎಲ್ಲಿ ಇಡುವುದು? ಹತ್ತಿರದಲ್ಲಿ ಸಿಮೆಂಟಿನ ಚಾವಣಿ ಇದ್ದದ್ದು ನಮ್ಮ ಮನೆ ಒಂದಕ್ಕೇ. ಹೊಸ ಟೈಲ್ಸಿನ ಹಾಲಿನಲ್ಲಿ, ಸೋಫಾದ ಮೇಲೆ, ಟಿವಿಯ ಮುಂದೆ, ದೇವರ ಕೋಣೆಯ ಬಾಗಿಲವರೆಗೆ ಒಟ್ಟಿದೆವು. ನಮ್ಮನ್ನು ನೋಡಿ ಉಳಿದ ಬಣವಿಯವರೂ ತಮ್ಮ ತಮ್ಮ ಕಣಕಿ, ಕುಳ್ಳು, ಹತ್ತಿಕಟ್ಟಿಗೆಗಳನ್ನು ಪಟ್ಟಿಯಿಂದ ಎಳೆದು ಮನೆಗಳಾಚೆಯ ರಸ್ತೆಗೆ ಹಾಕಿದರು. ಕೊನೆಯ ಪೆಂಡಿ ಒಳಗೆ ಬಂದಾಗ ಬೆಂಕಿ ಪಟ್ಟಿಯ ಅಂಚಿಗೆ ಬಂದಿತ್ತು. ಬಂದು ನಿಂತಿತು. ಆ ಕಡೆ ಈ ಕಡೆ ನಾಲಿಗೆ ಚಾಚಿತು. ಎದುರಿಗೆ ಕನ್ನಡಿಯಂಥ ಬೋಳು ನೆಲ. ಸ್ವಲ್ಪ ಹೊತ್ತು ಚುರುಗುಟ್ಟಿ, ಕಪ್ಪಾಗಿ, ಸತ್ತುಹೋಯಿತು.

ನಿಯಮ ಹುಟ್ಟಿದಂದಿನಿಂದ ಅದನ್ನು ಪಾಲಿಸಿದ್ದು ಒಂದೇ ಒಂದು ಮಧ್ಯಾಹ್ನ. ಆ ಒಂದು ಮಧ್ಯಾಹ್ನ ಅದು ಬರೆದಿಟ್ಟಂತೆಯೇ ಕೆಲಸ ಮಾಡಿತು. ನಾನು ಇಷ್ಟು ವರ್ಷ ಸರಕಾರದ ವಿರುದ್ಧ ಆಡಿದ ಮಾತುಗಳಲ್ಲಿ ಯಾವುದೂ ಸರಕಾರದ ಆ ಒಂದು ಸಾಲಿನಷ್ಟು ನೆಟ್ಟಗಿರಲಿಲ್ಲ ಎಂದು ಬೇಸರವಾಯಿತು. ಬೆಂಕಿ ಗಾಡಿಯೂ ಬಂತು. ಅಗಲವಾದ ರಸ್ತೆಯಲ್ಲಿ ಭರ್ರನೆ ಬಂದು, ಸ್ವಾಗತ ಕಮಾನಿಗೆ ನೆತ್ತಿ ತಾಗಿ ಅಲ್ಲೇ ನಿಂತಿತು. ಸಿಬ್ಬಂದಿಗೆ ಅಲ್ಲಿಗೇ ಚಹಾ ಕಳಿಸಿದೆವು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಪಟ್ಟಿಯ ಮೇಲೆ ಬಣವಿಗಳು ಮತ್ತೆ ಏಳುತ್ತಿದ್ದವು. ಹಳೆಯ ಜಾಗವೇ, ಹಳೆಯ ಸಾಲೇ. "ಇನ್ನೇನ್ರಿ, ಮರಡಿ ಸುಟ್ಟ ಹೋತು. ಈ ವರ್ಷ ಮತ್ತೇನ ಸುಡತೈತಿ?" ಎಂದು ಒಬ್ಬರು ನನಗೇ ತರ್ಕ ಹೇಳಿದರು. ಸುಗಲಕ್ಕ ಮಾತ್ರ ತನ್ನ ಕಣಕಿಯನ್ನು ಹೊರಗೆ ಒಯ್ಯಲಿಲ್ಲ. ಹಾಲಿನಲ್ಲಿ ಬಂದು ನಿಂತು, ಗೋಡೆ ತಟ್ಟಿ, ಚಾವಣಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದಳು. "ಇಲ್ಲಿ ಭಾಳ ಚಲೋ ಆತು. ಮಳಿ ಬಂದ್ರೂ ತೊಯ್ಯೂದಿಲ್ಲ, ಗೆದ್ದಲಾ ಹತ್ತೂದಿಲ್ಲ. ದಿನಾ ಎರಡ ಸಲ ಬಂದ ಒಯ್ತೀನಿ, ನೀವೇನ ತ್ರಾಸ ತಗೋಬ್ಯಾಡ್ರಿ."

ಅವ್ವ ಸೋಫಾ ಇದ್ದಿರಬಹುದಾದ ದಿಕ್ಕಿಗೊಮ್ಮೆ ನೋಡಿ, ನನ್ನ ಕಡೆ ತಿರುಗಿದಳು. ಇದುವರೆಗೆ ಬಣವಿ ಅಡುಗೆಮನೆಯ ಹಿಂದೆ ಇತ್ತು, ಈಗ ಮುಂದೆ ಬಂದಿತ್ತು. "ಹೂಂ, ಮಾತಾಡು" ಎಂದಳು. "ಈಗ ಮಾತಾಡಲಿಲ್ಲಂದ್ರ ಇನ್ಯಾವಾಗ ಮಾತಾಡ್ತಿ?"

ಈ ಸಲ ನನ್ನ ಪಕ್ಷ ಅಚ್ಚುಕಟ್ಟಾಗಿತ್ತು. ಬೆಂಕಿಯೇ ನನ್ನ ಸಾಕ್ಷಿ. ಮೇವು ಹಾಲಿನಲ್ಲೂ ಬೇಡ, ಪಟ್ಟಿಯ ಮೇಲೂ ಬೇಡ, ಹಳೆಯ ಊರಿನ ಹಿತ್ತಲಿಗೆ ಇವತ್ತೇ ಹೋಗಬೇಕು; ಗೆದ್ದಲಿಗೆ ಬೇಕಾದರೆ ನಾನೇ ಕಲ್ಲು ಹೊತ್ತು ಕಟ್ಟೆ ಕಟ್ಟಿಕೊಡುತ್ತೇನೆ. ಸೊಂಟಕ್ಕೆ ಚುನ್ನಿ ಬಿಗಿದು, ಉಸಿರು ಎಳೆದುಕೊಂಡು, ಬಾಯಿ ತೆರೆದೆ. ಕಣಕಿಯ ಧೂಳು ಮೂಗಿಗೆ ಹೋಗಿ ಒಂದು ಸೀನು ಬಂತು.

"ಅಯ್ಯ, ಒಂಟಿ ಸೀನು!" ಎಂದು ಸುಗಲಕ್ಕ ಎರಡೂ ಕೈ ಎತ್ತಿದಳು. "ಇನ್ನೊಂದ ಬರಲಿಲ್ಲಂದ್ರ ಇವತ್ತ ಒಂದ ಕಡ್ಡೀನೂ ಅಲುಗಸಬಾರದು. ಕುಂದ್ರವಾ, ನೀರ ಕುಡಿ." ಅವ್ವ, ನನ್ನ ಪಕ್ಷದ ಅವ್ವ, ನೀರು ತರಲು ಒಳಗೆ ಹೋದಳು. ಮೂಢನಂಬಿಕೆ ನಿರ್ಮೂಲನೆಯ ಬಗ್ಗೆ ನಾನು ತಾಲೂಕು ಮಟ್ಟದಲ್ಲಿ ಮೊದಲ ಬಹುಮಾನ ತೆಗೆದುಕೊಂಡವಳು. ಅಂಗಳಕ್ಕೆ ಬಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೂಗು ಮೇಲೆತ್ತಿ ಸೂರ್ಯನನ್ನೇ ದಿಟ್ಟಿಸುತ್ತ, ಎರಡನೆಯ ಸೀನು ಬರಲಿ ಎಂದು ಕಾಯುತ್ತ ನಿಂತೆ.